ಫಾರ್ವರ್ಡ್ ಆಗಿ ಬರುವ ಸುದ್ದಿ ನಿಜವೋ ಸುಳ್ಳೋ ಅಂತ ತಿಳಿಯುವುದು ಹೇಗೆ?

"ಅಪ್ಪ ದಿನಾ ಏನಾದರೂ ಫಾರ್ವರ್ಡ್ ಮಾಡುತ್ತಾರೆ. ಲಿಂಕ್ ತೆರೆದರೆ ವೆಬ್‌ಸೈಟ್ ಅಸಲಿ ಥರಾನೇ ಇರುತ್ತದೆ. ಎಷ್ಟು ಓದಿದರೂ ನಂಬಬೇಕೋ ಬೇಡವೋ ಗೊತ್ತಾಗಲ್ಲ" ಅಂತ ಕೇಳಿದ್ದೀರಿ. ಆ ಪುಟವನ್ನೇ ಓದುತ್ತಾ ಕೂತರೆ ಗೊತ್ತಾಗುವುದೂ ಇಲ್ಲ. ಅದನ್ನು ಬಿಟ್ಟು ಹೊರಗೆ ಬಂದು ನೋಡಬೇಕು.

ನಾನೂ ಮೊದಲು ನಿಮ್ಮ ಹಾಗೇ ಮಾಡುತ್ತಿದ್ದೆ. ಅಕ್ಷರ ತಪ್ಪಿದೆಯಾ, ಲೋಗೊ ಚೆನ್ನಾಗಿದೆಯಾ, 'ನಮ್ಮ ಬಗ್ಗೆ' ಅನ್ನುವ ಪುಟದಲ್ಲಿ ಏನಿದೆ ಅಂತ ಹುಡುಕುತ್ತಿದ್ದೆ. ಅದನ್ನೆಲ್ಲ ಬರೆದವರು ಅವರೇ ಅಲ್ವಾ? ತಮ್ಮ ಬಗ್ಗೆ ತಾವೇ ಕೆಟ್ಟದಾಗಿ ಯಾರು ಬರೆದುಕೊಳ್ಳುತ್ತಾರೆ?

ನನ್ನ ಅಭ್ಯಾಸ ಬದಲಾಗಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಅಧ್ಯಯನದ ಬಗ್ಗೆ ಓದಿದ ಮೇಲೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಕೆಲವು ವೆಬ್‌ಸೈಟ್‌ಗಳನ್ನು ತೋರಿಸಿದರು. 10 ಜನ ಇತಿಹಾಸಕಾರರು, 10 ಜನ ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ ಕೆಲಸ ಮಾಡುವವರು, 25 ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಗಳ ಪುಟಗಳೂ ಅದರಲ್ಲಿದ್ದವು. ಹೆಸರು ಹೆಚ್ಚುಕಡಿಮೆ ಒಂದೇ ಥರ. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ದೊಡ್ಡ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಒಡೆದು ಬಂದ ಸಣ್ಣ ಗುಂಪು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಣ್ಣ ಗುಂಪಿನ ಪುಟವನ್ನೇ ಹೆಚ್ಚು ನಂಬಿದರು. ಇತಿಹಾಸಕಾರರಲ್ಲೂ ಹಲವರು ಗೊಂದಲಕ್ಕೆ ಬಿದ್ದರು. ಸುದ್ದಿ ಪರೀಕ್ಷಿಸುವವರು ಮಾತ್ರ ಒಬ್ಬರೂ ತಪ್ಪಲಿಲ್ಲ. ಅವರು ಆ ಪುಟದ ಮೇಲೆ ಕಣ್ಣಾಡಿಸಿ, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಅವರು ಕಡಿಮೆ ಓದಿದರು, ಬೇಗ ಮುಗಿಸಿದರು, ಸರಿಯಾದ ಉತ್ತರವನ್ನೂ ಕಂಡುಕೊಂಡರು.

ನೀವೂ ಇದನ್ನೇ ಮಾಡಿ. ಗೊತ್ತಿಲ್ಲದ ವೆಬ್‌ಸೈಟ್ ಆದರೆ ಮೊದಲು ಅದರ ಹೆಸರನ್ನೇ ಹುಡುಕಿ. ವಿಕಿಪೀಡಿಯದಲ್ಲಿ ಅದರ ಬಗ್ಗೆ ಎರಡು ಸಾಲು ಇದ್ದರೂ ಎಷ್ಟೋ ಸಲ ಸಾಕಾಗುತ್ತದೆ. ಆಮೇಲೆ ಆ ಸುದ್ದಿಯನ್ನು ಹುಡುಕಿ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹತ್ತು ಕಡೆ ಒಂದೇ ಸುದ್ದಿ ಸಿಕ್ಕಿತು ಅಂತ ಹತ್ತು ಸಾಕ್ಷಿ ಸಿಕ್ಕ ಹಾಗಲ್ಲ. ಸಾಲು ಸಾಲೇ ಒಂದೇ ಥರ ಇದ್ದರೆ ಎಲ್ಲರೂ ಒಬ್ಬರಿಂದಲೇ ನಕಲು ಮಾಡಿರುತ್ತಾರೆ. ಆಗ ನಿಮ್ಮ ಕೈಯಲ್ಲಿರುವುದು ಒಂದೇ ಸಾಕ್ಷಿ. ಮೊದಲು ಹೇಳಿದವರು ಯಾರು ಅಂತ ಹಿಂದೆ ಹಿಂದೆ ಹೋಗಿ ನೋಡಿ. "ವಿಜ್ಞಾನಿಗಳು ಹೇಳಿದ್ದಾರೆ" ಅಂತ ಇರುತ್ತದೆ, ಯಾವ ವಿಜ್ಞಾನಿ, ಎಲ್ಲಿ, ಯಾವಾಗ ಅಂತ ಇರುವುದೇ ಇಲ್ಲ. ತಾರೀಖನ್ನೂ ನೋಡಿ. ಐದು ವರ್ಷದ ಹಿಂದಿನ ನಿಜವಾದ ಸುದ್ದಿಯನ್ನು ಇವತ್ತಿನದು ಅಂತ ಹಂಚಿದರೆ ಅದೂ ಸುಳ್ಳೇ.

ಫೋಟೊಗಳ ವಿಷಯಕ್ಕೆ ಬಂದರೆ, ಪ್ರವಾಹದ ನೀರು ತುಂಬಿದ ಹೆದ್ದಾರಿಯಲ್ಲಿ ಶಾರ್ಕ್ ಈಜುತ್ತಿರುವ ಚಿತ್ರ ನೀವೂ ನೋಡಿರಬಹುದು. 2011ರಲ್ಲಿ ಐರಿನ್ ಚಂಡಮಾರುತ ಬಂದಾಗ ಅದು ಪೋರ್ಟೊರಿಕೊದ್ದು ಅಂತ ಹರಿದಾಡಿತು. 2017ರಲ್ಲಿ ಅದೇ ಚಿತ್ರ ಅಮೆರಿಕದ ಹ್ಯೂಸ್ಟನ್ ನಗರದ್ದು ಅಂತ ಮತ್ತೆ ಬಂತು. ಅಸಲಿಗೆ ಆ ಶಾರ್ಕ್ 2005ರಲ್ಲಿ ಪ್ರಕಟವಾದ ಒಂದು ಫೋಟೊದಲ್ಲಿತ್ತು. ಸಮುದ್ರದಲ್ಲಿ ಪುಟ್ಟ ದೋಣಿಯೊಂದರ ಹಿಂದೆ ಈಜುತ್ತಿತ್ತು. ಯಾರೋ ಅದನ್ನು ಕತ್ತರಿಸಿ ರಸ್ತೆಯ ಚಿತ್ರಕ್ಕೆ ಅಂಟಿಸಿದ್ದರು. ಇಂಥದ್ದನ್ನು ಹಿಡಿಯಲು ಒಂದು ನಿಮಿಷ ಸಾಕು. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಅಥವಾ ಟಿನ್‌ಐ (TinEye) ಅನ್ನುವ ವೆಬ್‌ಸೈಟ್‌ಗೆ ಕೊಡಿ, ಅದೇ ಚಿತ್ರ ಬೇರೆ ಎಲ್ಲೆಲ್ಲಿ ಬಂದಿದೆ ಅಂತ ಅವು ಹುಡುಕಿ ತೋರಿಸುತ್ತವೆ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವ ಹಾಗೆ ಜೋಡಿಸಬಹುದು. ಇವತ್ತಿನದು ಅಂದ ಚಿತ್ರ ವರ್ಷಗಳ ಹಿಂದೆಯೇ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಎಐ, ಅಂದರೆ ಕೃತಕ ಬುದ್ಧಿಮತ್ತೆ, ತಯಾರಿಸಿದ ಚಿತ್ರಗಳಿಗೆ ಇದು ಅಷ್ಟಾಗಿ ಸಾಲದು, ಯಾಕೆಂದರೆ ಅವುಗಳಿಗೆ ಹಳೆಯ ಮೂಲವೇ ಇರುವುದಿಲ್ಲ. ಕೈಯಲ್ಲಿ ಆರು ಬೆರಳಿದೆಯಾ ಅಂತ ಎಣಿಸಿ ಎಐ ಚಿತ್ರವನ್ನು ಹಿಡಿಯುವ ಕಾಲವೂ ಹೋಯಿತು. ಅಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಇದು ನಿಜವಾಗಿ ನಡೆದಿದ್ದರೆ ಬೇರೆ ಯಾರು ಯಾರು ನೋಡಿರಬೇಕಿತ್ತು? 2023ರ ಮೇ ತಿಂಗಳಲ್ಲಿ ಅಮೆರಿಕದ ಸೇನೆಯ ಕೇಂದ್ರ ಕಚೇರಿಯಾದ ಪೆಂಟಗನ್ ಹತ್ತಿರ ಸ್ಫೋಟ ಆಗಿದೆ ಅಂತ ಒಂದು ಚಿತ್ರ ಹರಡಿ, ಅಮೆರಿಕದ ಷೇರುಪೇಟೆ ಕೂಡ ಸ್ವಲ್ಪ ಹೊತ್ತು ಕುಸಿಯಿತು. ಅಷ್ಟು ಜನ ಓಡಾಡುವ ಜಾಗದಲ್ಲಿ ಸ್ಫೋಟ ಆದರೆ ನೂರಾರು ಫೋನುಗಳಲ್ಲಿ ವಿಡಿಯೊ ಬರಬೇಕಿತ್ತು. ಇದ್ದದ್ದು ಒಂದೇ ಚಿತ್ರ. ಸ್ಥಳೀಯ ಅಗ್ನಿಶಾಮಕ ದಳ ಅಂಥದ್ದೇನೂ ಆಗಿಲ್ಲ ಅಂತ ಬೇಗನೇ ತಿಳಿಸಿತು.

ಇದನ್ನೆಲ್ಲ ಪ್ರತಿ ಮೆಸೇಜಿಗೂ ಮಾಡಲು ಯಾರಿಗೂ ಪುರುಸೊತ್ತಿಲ್ಲ, ಮಾಡಬೇಕಾಗಿಯೂ ಇಲ್ಲ. ಓದಿದ ಕೂಡಲೇ ಸಿಟ್ಟು ಬಂದರೆ, ಹೆದರಿಕೆಯಾದರೆ, "ಈಗಲೇ ಎಲ್ಲರಿಗೂ ಕಳಿಸಬೇಕು" ಅನ್ನಿಸಿದರೆ ಅಲ್ಲಿ ಮಾತ್ರ ಖಂಡಿತ ನಿಲ್ಲಿ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದ್ದರು. 1,500 ಜನರನ್ನು ತಲುಪಲು ನಿಜ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಹಿಡಿದಿತ್ತು. ವಾಟ್ಸಾಪ್‌ನಲ್ಲಿ ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಅದು ಸುಳ್ಳೇ ಅಂತಲ್ಲ. ಆದರೆ ಕಳಿಸಿದವರಿಗೂ ಅದನ್ನು ಬರೆದವರು ಯಾರು ಅಂತ ಗೊತ್ತಿರುವುದಿಲ್ಲ.

ಇನ್ನು ಅಪ್ಪನ ವಿಷಯ. ದಯವಿಟ್ಟು ಗ್ರೂಪ್‌ನಲ್ಲಿ ತಿದ್ದಬೇಡಿ. ನಮ್ಮ ದೊಡ್ಡಪ್ಪ ಒಂದು ಆರೋಗ್ಯದ ಸಲಹೆ ಹಾಕಿದಾಗ ನಾನು ಎಲ್ಲರ ಮುಂದೆ "ಇದು ಸುಳ್ಳು" ಅಂತ ಬರೆದುಬಿಟ್ಟೆ. ನಮಗೆಲ್ಲ ಒಳ್ಳೆಯದಾಗಲಿ ಅಂತ ಕಳಿಸಿದ್ದರು ಪಾಪ. ಎಷ್ಟೋ ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಪಕ್ಕದಲ್ಲಿ ಕೂತು, ಅವರದೇ ಫೋನಿನಲ್ಲಿ, ಆ ಶಾರ್ಕ್ ಚಿತ್ರವನ್ನು ಅವರ ಕೈಯಲ್ಲೇ ಹುಡುಕಿಸಿದೆ. ದೋಣಿಯ ಫೋಟೊ ಸಿಕ್ಕಾಗ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಮತ್ತೆ ಮತ್ತೆ ನೋಡಿದರು. ಈಗ ಗ್ರೂಪ್‌ಗೆ ಹಾಕುವ ಮೊದಲು ಎಷ್ಟೋ ಸಲ ನನಗೊಬ್ಬನಿಗೇ ಕಳಿಸಿ, "ಇದು ಸರಿ ಇದೆಯಾ ನೋಡಪ್ಪ" ಅಂತ ಕೇಳುತ್ತಾರೆ.