ಅಳಿಸಿಹೋದ ನಂಬರುಗಳು ಎಲ್ಲಿಂದ ಮರಳುತ್ತವೆ, ಕ್ಲೌಡ್‌ನಲ್ಲಿ ಅವನ್ನು ಯಾರು ಓದಬಲ್ಲರು?

ಫೋನಿನ ಕಾಂಟ್ಯಾಕ್ಟ್‌ಗಳೆಲ್ಲ ಒಮ್ಮೆಗೇ ಕಾಣೆಯಾಗಿವೆ, ಅವನ್ನು ಮರಳಿ ಪಡೆಯಬಹುದೇ, ಮುಂದೆ ಹೀಗಾಗದಿರಲೆಂದು ಕ್ಲೌಡ್‌ನಲ್ಲಿ ಇಟ್ಟರೆ ಕಂಪನಿಯವರು ಓದುವುದಿಲ್ಲವೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ, ಆ ನಂಬರುಗಳು ಗೂಗಲ್ ಅಥವಾ ಐಕ್ಲೌಡ್ ಖಾತೆಯಲ್ಲಿದ್ದವೋ, ಫೋನಿನ ಮೆಮೊರಿಯಲ್ಲಿದ್ದವೋ, ಸಿಮ್‌ನಲ್ಲಿದ್ದವೋ ಎಂಬುದರ ಮೇಲೆ ನಿಂತಿದೆ.

ಅಳಿಸಿಯೇ ಹೋಗಿವೆ ಎಂದುಕೊಳ್ಳುವ ಮುನ್ನ, ಕಾಂಟ್ಯಾಕ್ಟ್ಸ್ ಆ್ಯಪ್ ಯಾವ ಖಾತೆಯ ಹೆಸರುಗಳನ್ನು ತೋರಿಸುತ್ತಿದೆ ನೋಡಿ; ಒಂದೇ ಖಾತೆಯನ್ನು ತೋರಿಸುವ ಆಯ್ಕೆ ಒತ್ತಿಹೋಗಿದ್ದರೆ ಉಳಿದವು ಇದ್ದೂ ಕಾಣುವುದಿಲ್ಲ. ಅದೇ ಖಾತೆ ಇರುವ ಹಳೆಯ ಫೋನೋ ಟ್ಯಾಬ್ಲೆಟ್ಟೋ ನಿಮ್ಮ ಬಳಿ ಆಫ್ ಆಗಿ ಬಿದ್ದಿದ್ದರೆ, ಅದರ ಸಿಮ್ ತೆಗೆದು, ಮನೆಯ ವೈ-ಫೈ ಆಫ್ ಮಾಡಿ, ಆಮೇಲೆ ಅದನ್ನು ಆನ್ ಮಾಡಿ. ಅದರಲ್ಲಿ ಹಳೆಯ ಹೆಸರುಗಳು ಇನ್ನೂ ಉಳಿದಿರಬಹುದು, ಇಂಟರ್ನೆಟ್ ಸಿಕ್ಕರೆ ಸಿಂಕ್ ಆಗಿ ಅವೂ ಹೋಗಬಹುದು. ಸಿಂಕ್ ಎನ್ನುವುದು ಬ್ಯಾಕಪ್ ಅಲ್ಲ. ಒಂದು ಕಡೆ ಸೇರಿಸಿದ್ದನ್ನು ಎಲ್ಲ ಕಡೆ ಸೇರಿಸುವಷ್ಟೇ ನಿಷ್ಠೆಯಿಂದ, ಒಂದು ಕಡೆ ಅಳಿಸಿದ್ದನ್ನು ಅದು ಎಲ್ಲ ಕಡೆಯಿಂದಲೂ ಅಳಿಸುತ್ತದೆ.

ಗೂಗಲ್ ಖಾತೆಯಲ್ಲಿದ್ದವಾದರೆ, ಅಳಿಸಿದ ಹೆಸರುಗಳು ಗೂಗಲ್ ಕಾಂಟ್ಯಾಕ್ಟ್ಸ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತವೆ. ಇಡೀ ಪಟ್ಟಿಯನ್ನು ಆ 30 ದಿನಗಳೊಳಗಿನ ಯಾವುದಾದರೂ ಸ್ಥಿತಿಗೆ ಹಿಂದಿರುಗಿಸುವ ಆಯ್ಕೆಯೂ ಉಂಟು. ಆದರೆ ಅದನ್ನು ಬಳಸಿದರೆ ನಡುವೆ ಸೇರಿಸಿದ ಹೊಸ ಹೆಸರುಗಳು ಹೋಗುತ್ತವೆ, ಆದ್ದರಿಂದ ಈಗಿರುವ ಪಟ್ಟಿಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಐಕ್ಲೌಡ್‌ನ ವೆಬ್‌ಸೈಟಿನಲ್ಲಿಯೂ ಹಳೆಯ ಪ್ರತಿಯನ್ನು ಮರಳಿಸುವ ಸೌಲಭ್ಯವಿದೆ, ಅವಧಿಯೂ ಅಷ್ಟೇ.

ಫೋನಿನ ಮೆಮೊರಿಯಲ್ಲೋ ಸಿಮ್‌ನಲ್ಲೋ ಅಷ್ಟೇ ಇದ್ದವಾದರೆ ದಾರಿ ಕಿರಿದು. ಇಂಥ ಹೊತ್ತಿನಲ್ಲಿಯೇ ‘ರಿಕವರಿ ಆ್ಯಪ್’ಗಳ ಜಾಹೀರಾತು ಕಣ್ಣಿಗೆ ಬೀಳುವುದು. ಆಂಡ್ರಾಯ್ಡ್‌ನಲ್ಲಿ ಕಾಂಟ್ಯಾಕ್ಟ್‌ಗಳು ಒಂದು ಡೇಟಾಬೇಸ್ ಫೈಲಿನಲ್ಲಿರುತ್ತವೆ, ರೂಟ್ ಮಾಡದ (ಅಂದರೆ ವ್ಯವಸ್ಥೆಯ ಒಳಗಿನ ಬೀಗಗಳನ್ನು ತೆಗೆಯದ) ಫೋನಿನಲ್ಲಿ ಆ ಫೈಲನ್ನು ಬೇರೆ ಆ್ಯಪ್ ನೇರವಾಗಿ ತೆರೆಯಲಾರದು. ನೀವು ಅನುಮತಿ ಕೊಟ್ಟರೆ ಅದಕ್ಕೆ ಸಿಗುವುದು ಈಗ ಉಳಿದಿರುವ ಹೆಸರುಗಳೇ ಹೊರತು ಅಳಿಸಿದವಲ್ಲ. ಅಂದರೆ ಕಳೆದದ್ದನ್ನು ತಂದುಕೊಡಲಾಗದವನ ಕೈಗೆ ಉಳಿದದ್ದನ್ನೂ ಒಪ್ಪಿಸಿದಂತಾಯಿತು. ಅದಕ್ಕಿಂತ ಕರೆಗಳ ಪಟ್ಟಿ, ಎಸ್‌ಎಂಎಸ್, ವಾಟ್ಸಾಪ್ ಚಾಟ್‌ಗಳನ್ನು ಕುಳಿತು ನೋಡುವುದು ಮೇಲು. ಹೆಸರು ಹೋದರೂ ನಂಬರು ಅಲ್ಲಿರುತ್ತದೆ, ಮಾತುಕತೆ ಓದಿದರೆ ಯಾರದೆಂದು ತಿಳಿಯುತ್ತದೆ.

ಇನ್ನು ಖಾಸಗಿತನ. ‘ಎನ್‌ಕ್ರಿಪ್ಟ್ ಆಗಿದೆ’, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿದೆ, ಎಂದು ಎಲ್ಲ ಕಂಪನಿಗಳೂ ಹೇಳುತ್ತವೆ, ಅದು ಸುಳ್ಳಲ್ಲ. ಕೇಳಬೇಕಾದದ್ದು ಕೀಲಿ ಯಾರ ಬಳಿ ಇದೆ ಎಂದು. ವಾಟ್ಸಾಪ್ 2021ರಲ್ಲಿ ತಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್‌ನಲ್ಲಿ, ಅದನ್ನು ನೀವು ಆನ್ ಮಾಡಿದ್ದರೆ, ಕೀಲಿ ನಿಮ್ಮದೇ, ಮರೆತರೆ ಕಂಪನಿಯೂ ತೆರೆದುಕೊಡಲಾರದು. ಕಾಂಟ್ಯಾಕ್ಟ್‌ಗಳ ವಿಷಯ ಹಾಗಲ್ಲ. ಆ್ಯಪಲ್ 2022ರ ಕೊನೆಯಲ್ಲಿ ತಂದ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಫೋಟೋ, ನೋಟ್ಸ್, ಫೋನಿನ ಬ್ಯಾಕಪ್ ಎಲ್ಲಕ್ಕೂ ಎಂಡ್-ಟು-ಎಂಡ್ ರಕ್ಷಣೆ ಕೊಡುತ್ತದೆ. ಮೇಲ್, ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಕೊಡುವುದಿಲ್ಲ, ಏಕೆಂದರೆ ಇವು ಬೇರೆ ಕಂಪನಿಗಳ ವ್ಯವಸ್ಥೆಗಳೊಂದಿಗೂ ಹೊಂದಿ ಕೆಲಸ ಮಾಡಬೇಕು. ಗೂಗಲ್ ಕಾಂಟ್ಯಾಕ್ಟ್ಸ್‌ನ ಕೀಲಿಯೂ ಗೂಗಲ್ ಬಳಿಯೇ ಇದೆ. ಹಾಗಾಗಿ ಈ ಪಟ್ಟಿಯನ್ನು ಕಂಪನಿ ಓದಬಲ್ಲದು, ಕಾನೂನಿನ ಆದೇಶ ಬಂದರೆ ಒಪ್ಪಿಸಬಲ್ಲದು.

ಇಷ್ಟು ತಿಳಿದೂ ನಾನು ಕ್ಲೌಡ್ ಬಳಸುತ್ತೇನೆ, ಏಕೆಂದರೆ ಹೆಚ್ಚಿನವರ ಮಟ್ಟಿಗೆ ನಂಬರುಗಳನ್ನು ಕಳೆದುಕೊಳ್ಳುವ ಅಪಾಯವೇ ದೊಡ್ಡದು. ಆದರೆ ಅಲ್ಲಿ ಏನನ್ನು ಬರೆಯುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಎಟಿಎಂ ಪಿನ್ ಅನ್ನು ಯಾರದೋ ಫೋನ್ ನಂಬರಿನಂತೆ ಸೇವ್ ಮಾಡುವ ಜಾಣತನ ಎಷ್ಟು ಜನರಲ್ಲಿದೆಯೋ! ಪಾಸ್‌ವರ್ಡ್, ಖಾತೆ ಸಂಖ್ಯೆ, ಯಾರದಾದರೂ ಕಾಯಿಲೆಯ ವಿವರ, ಇವನ್ನೆಲ್ಲ ಕಾಂಟ್ಯಾಕ್ಟ್‌ನ ನೋಟ್ಸ್ ಅಂಕಣದಿಂದ ತೆಗೆಯಿರಿ, ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಖಾತೆಗೆ ನುಗ್ಗುವ ಕಳ್ಳ, ಕಂಪನಿಯ ಸಿಬ್ಬಂದಿಗಿಂತ ಹೆಚ್ಚು ಸಂಭವನೀಯ ಓದುಗ.

ಕ್ಲೌಡ್ ಬೇಡವೇ ಬೇಡ ಎನ್ನುವುದಾದರೆ ಕಾಂಟ್ಯಾಕ್ಟ್‌ಗಳನ್ನು ಆಗಾಗ ವಿಸಿಎಫ್ (ಹೆಸರು, ನಂಬರುಗಳನ್ನು ಬರೆದಿಡುವ ಒಂದು ಮಾದರಿ) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿನಲ್ಲಿ ಇಡಿ. ಅದು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯ, ಆದ್ದರಿಂದ ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿರಲಿ. ನಿಮಗೆ ನೀವೇ ಇಮೇಲ್ ಮಾಡಿಕೊಂಡರೆ ಅದು ಮತ್ತೆ ಕ್ಲೌಡ್‌ಗೇ ಹೋಯಿತು. ಕನ್ನಡದಲ್ಲಿ ಹೆಸರು ಬರೆದಿದ್ದರೆ, ವಿಸಿಎಫ್‌ನ ಹಳೆಯ 2.1 ಆವೃತ್ತಿಯ ಫೈಲಿನೊಳಗೆ ಅವು ಸಮಚಿಹ್ನೆ ಮತ್ತು ಅಂಕಿ-ಅಕ್ಷರಗಳ ಸಾಲಾಗಿ ಕಾಣಬಹುದು, ಹಾಳಾಯಿತೆಂದು ಗಾಬರಿಯಾಗಬೇಡಿ. ಆ ಫೈಲನ್ನು ಇನ್ನೊಂದು ಫೋನಿಗೆ ಇಂಪೋರ್ಟ್ ಮಾಡಿ, ಹೆಸರುಗಳು ಸರಿಯಾಗಿ ಮೂಡುತ್ತವೆಯೇ ನೋಡಿ.