ಒಡೆಯದಂತೆ ಹೊಡೆಯುವುದು ಹೇಗೆ?

ಪ್ರಶ್ನೆ: ಘನವಸ್ತುವಿನ ಮೇಲ್ಮೈಯಲ್ಲಿ ಯಾವ ಅಣುಗಳಿವೆ ಎಂದು ತಿಳಿಯಲು ಅದರ ಮೇಲೆ ಅಯಾನುಗಳ (ವಿದ್ಯುದಂಶ ಹೊತ್ತ ಪರಮಾಣು ಇಲ್ಲವೆ ಅಣುಗಳ) ಪುಂಜವನ್ನು ಹಾಯಿಸುತ್ತಾರೆ ಎಂದು ಓದಿದೆ. ಸಾವಿರಾರು ವೋಲ್ಟಿನ ರಭಸದಲ್ಲಿ ಹೊಡೆದರೆ ಅಣುವೇ ನುಚ್ಚುನೂರಾಗುವುದಿಲ್ಲವೆ? ಆ ಅಯಾನುಗಳನ್ನಾದರೂ ಎಲ್ಲಿಂದ ತರುತ್ತಾರೆ?
– ಎಂಎಸ್ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಅನುಮಾನ ಸೆಕೆಂಡರಿ ಅಯಾನ್ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಈ ವಿಧಾನದ ಮರ್ಮಕ್ಕೇ ತಾಗಿದೆ. ಹೊಡೆಯುವ ಅಯಾನಿನ ಶಕ್ತಿ ಸಾಮಾನ್ಯವಾಗಿ 10 ಸಾವಿರದಿಂದ 30 ಸಾವಿರ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ (ಒಂದು ವೋಲ್ಟ್ ದಾಟುವ ಎಲೆಕ್ಟ್ರಾನ್ ಪಡೆಯುವ ಶಕ್ತಿಯೇ ಒಂದು ಎಲೆಕ್ಟ್ರಾನ್ ವೋಲ್ಟ್). ಸಾವಯವ ಅಣುವಿನಲ್ಲಿ ಎರಡು ಕಾರ್ಬನ್ ಪರಮಾಣುಗಳ ನಡುವಿನ ಒಂಟಿ ಬಂಧವನ್ನು ಕಡಿಯಲು ನಾಲ್ಕು ಎಲೆಕ್ಟ್ರಾನ್ ವೋಲ್ಟ್ ಧಾರಾಳವಾಯಿತು. ಏಟು ನೇರವಾಗಿ ಬಿದ್ದಲ್ಲಿ ಅಣು ಚಿಂದಿಯಾಗುವುದು ಖಂಡಿತ. ಆದರೆ ಒಳಹೊಕ್ಕ ಅಯಾನು ಕೇರಂ ಹಲಗೆಯ ಸ್ಟ್ರೈಕರಿನಂತೆ ಒಂದು ಪರಮಾಣುವನ್ನು ತಳ್ಳಿ, ಅದು ಮತ್ತೊಂದನ್ನು ತಳ್ಳಿ, ಆ ನೂಕುನುಗ್ಗಲಿನ ಒಂದು ಪಾಲು ತಿರುಗಿ ಮೇಲ್ಮೈಗೆ ಬರುವ ಹೊತ್ತಿಗೆ ಬಹಳಷ್ಟು ಸೊರಗಿರುತ್ತದೆ. ಏಟು ಬಿದ್ದ ಬಿಂದುವಿನಿಂದ ಕೆಲವು ನ್ಯಾನೊಮೀಟರ್ ಆಚೆ ಕುಳಿತ ಅಣುವಿಗೆ ಸಿಗುವುದು ಒಡೆಯುವಷ್ಟು ಪೆಟ್ಟಲ್ಲ, ಎಬ್ಬಿಸುವಷ್ಟು. ನಮಗೆ ಬೇಕಾದದ್ದು ಈ ನೆರೆಮನೆಯ ಅಣುವೇ.

ಹಾಗೆಂದು ಏಟಿನ ಮೇಲೆ ಏಟು ಹಾಕುವಂತಿಲ್ಲ. ಒಮ್ಮೆ ಜಖಂ ಆದ ಜಾಗಕ್ಕೆ ಮತ್ತೊಂದು ಅಯಾನು ಬಿದ್ದರೆ ಏಳುವುದು ಬರಿಯ ಚೂರುಗಳು. ಒಂದು ಚದರ ಸೆಂಟಿಮೀಟರ್ ಮೇಲ್ಮೈಯಲ್ಲಿ ಸುಮಾರು ಸಾವಿರ ಲಕ್ಷ ಕೋಟಿ ಪರಮಾಣುಗಳಿರುತ್ತವೆ. ಅಲ್ಲಿ ಬೀಳುವ ಅಯಾನುಗಳು ಹತ್ತು ಲಕ್ಷ ಕೋಟಿಯನ್ನು ದಾಟಬಾರದು, ಅಂದರೆ ನೂರು ಪರಮಾಣುಗಳಿಗೆ ಒಂದು ಏಟು. ಜರ್ಮನಿಯ ಆಲ್ಫ್ರೆಡ್ ಬೆನ್ನಿಂಗ್‌ಹೋವನ್ 1970ರ ಆಸುಪಾಸಿನಲ್ಲಿ ರೂಢಿಗೆ ತಂದ ಈ ಸಂಯಮದಿಂದಲೇ, ಅದುವರೆಗೆ ಮೇಲ್ಮೈಯನ್ನು ಕೆರೆದು ಧಾತುಗಳನ್ನು ಎಣಿಸುತ್ತಿದ್ದ ಉಪಕರಣ ಅಣುಗಳನ್ನೂ ಗುರುತಿಸುವಂತಾಯಿತು.

ಹೀಗೆ ಎದ್ದ ಅಣು, ಚೂರುಗಳಲ್ಲಿ ಅಯಾನುಗಳಾಗಿರುವವನ್ನು ತೂಗುವ ಕ್ರಮ ಸರಳ. ಎಲ್ಲಕ್ಕೂ ಒಂದೇ ಶಕ್ತಿ ಕೊಟ್ಟು ನಿರ್ವಾತದ ಕೊಳವೆಯಲ್ಲಿ ಓಡಲು ಬಿಟ್ಟರೆ ಹಗುರವಾದದ್ದು ಮೊದಲು ಮುಟ್ಟುತ್ತದೆ. 2,000 ಎಲೆಕ್ಟ್ರಾನ್ ವೋಲ್ಟ್ ಪಡೆದ, 100 ಘಟಕ ದ್ರವ್ಯರಾಶಿಯ (ಹೈಡ್ರೋಜನ್ ಪರಮಾಣುವಿನದು ಸುಮಾರು ಒಂದು ಘಟಕ) ಅಯಾನು ಎರಡು ಮೀಟರ್ ದಾರಿಯನ್ನು ಸುಮಾರು 32 ಮೈಕ್ರೋಸೆಕೆಂಡಿನಲ್ಲಿ ಕ್ರಮಿಸಿದರೆ, ನಾಲ್ಕು ಪಟ್ಟು ಭಾರದ್ದು ಎರಡು ಪಟ್ಟು ಸಮಯ ತೆಗೆದುಕೊಳ್ಳುತ್ತದೆ.

ಇನ್ನು ಅಯಾನುಗಳ ಮೂಲ. ಆರ್ಗಾನ್ ಅಥವಾ ಆಮ್ಲಜನಕದಂಥ ಅನಿಲದಲ್ಲಿ ವಿದ್ಯುತ್ ಹಾಯಿಸಿ ಅಯಾನುಗಳನ್ನು ಹೊರಗೆಳೆಯುವುದು ಹಳೆಯ ದಾರಿ. ಸೀಸಿಯಂ ಆವಿಯನ್ನು ಕಾದ ಟಂಗ್ಸ್ಟನ್ನಿಗೆ ತಾಗಿಸುವುದು ಇನ್ನೊಂದು. ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡಲು ಸೀಸಿಯಂನಷ್ಟು ಉದಾರವಾದ ಲೋಹ ಅಪರೂಪ. ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ದ್ರವಲೋಹದ ಮೂಲ. ಗ್ಯಾಲಿಯಂ ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟರೆ ತಾನಾಗಿ ನೀರಾಗುವ ಲೋಹವದು. ಚೂಪಾದ ಟಂಗ್ಸ್ಟನ್ ಸೂಜಿಗೆ ಅದನ್ನು ತೆಳುವಾಗಿ ಸವರಿ, ಎದುರಿಗಿರುವ ರಂಧ್ರದ ಬಿಲ್ಲೆಗೂ ಸೂಜಿಗೂ ನಡುವೆ ಕೆಲವು ಸಾವಿರ ವೋಲ್ಟ್ ಹಚ್ಚಿದರೆ, ಮೇಲ್ಮೈ ಎಳೆತ ದ್ರವವನ್ನು ದುಂಡಗಿಡಲು ನೋಡುತ್ತದೆ, ವಿದ್ಯುತ್ ಕ್ಷೇತ್ರ ಅದನ್ನು ಮುಂದಕ್ಕೆ ಜಗ್ಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ಹನಿ ಶಂಕುವಿನ ಆಕಾರ ತಾಳುತ್ತದೆ. ಇಂಥ ಶಂಕುವಿನ ಗಣಿತವನ್ನು 1964ರಲ್ಲಿ ಬಿಡಿಸಿದ ಜೆಫ್ರಿ ಟೇಲರ್ ಅವರ ಹೆಸರೇ ಅದಕ್ಕಿದೆ. ಕೆಲವೇ ನ್ಯಾನೊಮೀಟರ್ ಅಗಲದ ಅದರ ತುದಿಯಿಂದ ಅಯಾನುಗಳು ಕಿತ್ತುಕೊಂಡು ಹೊರಡುತ್ತವೆ. ಹುಟ್ಟುವ ಜಾಗವೇ ಇಷ್ಟು ಚಿಕ್ಕದಾದ್ದರಿಂದ ಪುಂಜವನ್ನು ಮಾದರಿಯ ಮೇಲೆ ಹತ್ತಾರು ನ್ಯಾನೊಮೀಟರಿನ ಚುಕ್ಕೆಯಾಗಿ ಕೂಡಿಸಬಹುದು. ಈಗ ಗ್ಯಾಲಿಯಂನ ಜಾಗವನ್ನು ಹೆಚ್ಚಾಗಿ ಬಿಸ್ಮತ್ ಹಿಡಿದಿದೆ, ಏಕೆಂದರೆ ಅದರಲ್ಲಿ ಮೂರು ಪರಮಾಣುಗಳು ಒಟ್ಟಾಗಿ ಹೊರಡುವ ಅಯಾನುಗಳೂ ಸಿಗುತ್ತವೆ.

ಒಟ್ಟಾಗಿ ಹೊರಡುವುದರ ಲಾಭವೇನು ಎಂದು ಕೇಳಬಹುದು. ಗುಂಡುಕಲ್ಲು ಬಿದ್ದರೆ ಹಂಚು ತೂತಾಗುತ್ತದೆ; ಅಷ್ಟೇ ತೂಕದ ಪುಡಿಮಣ್ಣಿನ ಹೆಂಟೆ ಬಿದ್ದರೆ ಹೆಂಟೆಯೇ ಹರಡಿ ಹೋಗುತ್ತದೆ. 60 ಕಾರ್ಬನ್ ಪರಮಾಣುಗಳ ಚೆಂಡಾದ ಫುಲರೀನನ್ನು 20,000 ಎಲೆಕ್ಟ್ರಾನ್ ವೋಲ್ಟಿನಲ್ಲಿ ಹೊಡೆದರೆ ತಾಗಿದೊಡನೆ ಅದು ಚದುರಿ, ಒಂದೊಂದು ಕಾರ್ಬನ್ನಿನ ಪಾಲಿಗೆ 333 ಮಾತ್ರ ಉಳಿಯುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಇಸಾವೊ ಯಮಾದಾ ಮತ್ತು ಸಂಗಡಿಗರು ಬೆಳೆಸಿದ ಅನಿಲಗುಚ್ಛದ ವಿಧಾನದಲ್ಲಿ 2,000 ಆರ್ಗಾನ್ ಪರಮಾಣುಗಳು ಒಂದು ಮುದ್ದೆಯಾಗಿ ಬರುತ್ತವೆ. ಆಗ ತಲಾ ಪಾಲು 10 ಎಲೆಕ್ಟ್ರಾನ್ ವೋಲ್ಟ್. ಅದು ಮೇಲಿನ ಪದರವನ್ನು ಎತ್ತಿ ಒಗೆದು, ಕೆಳಗಿನದನ್ನು ಹೆಚ್ಚು ಕೆಡಿಸದೆ ಬಿಡುತ್ತದೆ. ಹಾಗಾಗಿ ಪದರ ಪದರವಾಗಿ ಇಳಿಯುತ್ತ ಅಣುಗಳನ್ನು ಓದಬಹುದು.

ಪ್ರಶ್ನೆ: ಈ ವಿಧಾನದಲ್ಲಿ ಲೇಸರನ್ನೂ ಬಳಸುವುದುಂಟು ಎನ್ನುತ್ತಾರೆ. ಅಯಾನು ಪುಂಜವೇ ಅಣುಗಳನ್ನು ಎಬ್ಬಿಸುವುದಾದರೆ ಲೇಸರ್ ಏಕೆ ಬೇಕು?
– ಪದವಿ ಕಾಲೇಜಿನ ಅಧ್ಯಾಪಕಿ, ತುಮಕೂರು

ಉತ್ತರ: ಎದ್ದವುಗಳಲ್ಲಿ ಬಹುಪಾಲಿಗೆ ವಿದ್ಯುದಂಶವೇ ಇರುವುದಿಲ್ಲ. 1910ರಲ್ಲಿ ಜೆ. ಜೆ. ಥಾಮ್ಸನ್ ಧನಕಿರಣಗಳಿಂದ ಲೋಹವನ್ನು ಹೊಡೆದಾಗಲೇ, ಹೊರಬರುವ ಕಣಗಳಲ್ಲಿ ಹೆಚ್ಚಿನವು ತಟಸ್ಥ, ಒಂದು ಸಣ್ಣ ಪಾಲು ಮಾತ್ರ ಧನ ಎಂದು ಗಮನಿಸಿದ್ದರು. ಆ ಅನುಪಾತ ಇಂದಿಗೂ ಕಾಡುತ್ತಿದೆ: ಸಾವಯವ ಅಣುಗಳಲ್ಲಿ ನೂರಕ್ಕೆ ಒಂದು ಅಯಾನಾಗಿ ಎದ್ದರೂ ದೊಡ್ಡದು. ತಟಸ್ಥವಾದದ್ದನ್ನು ವಿದ್ಯುತ್ ಕ್ಷೇತ್ರ ಎಳೆಯಲಾರದು, ತೂಗಲಾರದು. ಅದು ವ್ಯರ್ಥವಾಗಿ ಗೋಡೆಗೆ ಹೋಗಿ ಅಂಟುತ್ತದೆ. ಲೇಸರನ್ನು ಮಾದರಿಗೆ ತಾಗಿಸದೆ, ಅದರ ಮೇಲ್ಮೈಗೆ ಸಮಾನಾಂತರವಾಗಿ, ಎದ್ದ ಕಣಗಳ ಮೋಡದ ನಡುವೆ ಹಾಯಿಸಿದರೆ ಈ ತಟಸ್ಥ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅವನ್ನೂ ಲೆಕ್ಕಕ್ಕೆ ತರಬಹುದು.

ಎಬ್ಬಿಸುವ ಕೆಲಸವನ್ನೂ ಲೇಸರಿಗೇ ಒಪ್ಪಿಸಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಿಚರ್ಡ್ ಜೇರ್ ಅವರ ತಂಡ ಬಳಸಿದ್ದು ಇಂಥ ಎರಡು ಹಂತದ ಉಪಾಯ: ಮೊದಲು ಅವಕೆಂಪು ಲೇಸರಿನ ಮಿಡಿತ ಅಣುವನ್ನು ಬೆಚ್ಚಗೆ ಮಾಡಿ ಮೇಲೆಬ್ಬಿಸುತ್ತದೆ, ಮರುಗಳಿಗೆ 266 ನ್ಯಾನೊಮೀಟರಿನ ನೇರಳಾತೀತ ಲೇಸರ್ ಅದನ್ನು ಅಯಾನಾಗಿಸುತ್ತದೆ. ಆ ಬೆಳಕಿನ ಒಂದು ಫೋಟಾನಿನ, ಅಂದರೆ ಒಂದು ಬೆಳಕಿನ ಕಣದ, ಶಕ್ತಿ 4.66 ಎಲೆಕ್ಟ್ರಾನ್ ವೋಲ್ಟ್. ಎರಡು ಸೇರಿದರೆ 9.32. ಒಲೆಯ ಮಸಿಯಲ್ಲಿಯೂ ಇರುವ, ಹಲವು ಬೆಂಜೀನ್ ಉಂಗುರಗಳು ಹೆಣೆದುಕೊಂಡ ಹೈಡ್ರೋಕಾರ್ಬನ್ನುಗಳಿಗೆ ಏಳೆಂಟು ಸಾಕಾದ್ದರಿಂದ ಅವು ಥಟ್ಟನೆ ಅಯಾನಾಗುತ್ತವೆ. 12.6 ಬೇಡುವ ನೀರು, 15.6 ಬೇಡುವ ಸಾರಜನಕ ಕಣ್ಣಿಗೇ ಬೀಳುವುದಿಲ್ಲ. ಜರಡಿ ಹಿಡಿದಂತೆ ಬೇಕಾದದ್ದಷ್ಟೇ ಉಳಿಯುತ್ತದೆ.

ಅಂಟಾರ್ಕ್ಟಿಕದಲ್ಲಿ 1984ರಲ್ಲಿ ಸಿಕ್ಕ, ಮಂಗಳ ಮೂಲದ ಎಎಲ್‌ಎಚ್ 84001 ಉಲ್ಕಾಶಿಲೆಯಲ್ಲಿ ಈ ಹೈಡ್ರೋಕಾರ್ಬನ್ನುಗಳಿರುವುದನ್ನು ತೋರಿಸಿದ್ದು ಇದೇ ವಿಧಾನ. 1996ರ ಆಗಸ್ಟ್‌ನಲ್ಲಿ ನಾಸಾದ ಡೇವಿಡ್ ಮೆಕೇ ಮತ್ತು ಸಂಗಡಿಗರು ಅದನ್ನು ಪುರಾತನ ಜೀವದ ಸುಳಿವುಗಳಲ್ಲೊಂದಾಗಿ ಮುಂದಿಟ್ಟಾಗ ಜಗತ್ತೇ ಗದ್ದಲಕ್ಕೆದ್ದಿತು. ಅಳತೆ ಗಟ್ಟಿಯಾಗಿಯೇ ಇತ್ತು; ಜೀವವಿಲ್ಲದೆಯೂ ಹುಟ್ಟಬಲ್ಲ ಅಣುಗಳಿಂದ ಜೀವವನ್ನು ಊಹಿಸಿದ್ದೇ ಅವಸರವಾಯಿತು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಪ್ರೋಟೀನಿನಂಥ ದೊಡ್ಡ ಅಣುವನ್ನು ಲೇಸರಿನಿಂದ ಎಬ್ಬಿಸಲು ಸಾಧ್ಯವಾದದ್ದು ಒಂದು ತಪ್ಪಿನಿಂದ ಎನ್ನುತ್ತಾರೆ, ನಿಜವೆ?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಜ. ಕ್ಯೋಟೊದ ಶಿಮಾಡ್ಜು ಕಂಪನಿಯ ಎಂಜಿನಿಯರ್ ಕೋಯಿಚಿ ತನಾಕಾ 1985ರಲ್ಲಿ ಕೋಬಾಲ್ಟಿನ ನುಣ್ಣನೆಯ ಪುಡಿಗೆ ಅಸಿಟೋನ್ ಬದಲು ಕೈತಪ್ಪಿ ಗ್ಲಿಸರಿನ್ ಬೆರೆಸಿದರು. ದುಬಾರಿ ಪುಡಿಯನ್ನು ಚೆಲ್ಲಲು ಮನಸ್ಸು ಬಾರದೆ ಹಾಗೆಯೇ ಉಪಕರಣದೊಳಗಿಟ್ಟು ಲೇಸರ್ ಹಾಯಿಸಿದರು. ಗ್ಲಿಸರಿನ್ ಬೇಗ ಆರಲಿ ಎಂಬುದೂ ಒಂದು ಉದ್ದೇಶವಾಗಿತ್ತು. ಅದುವರೆಗೆ ಒಡೆದೇ ಬರುತ್ತಿದ್ದ ಅಣು ಇಡಿಯಾಗಿ ಬಂದಿತು. ಪುಡಿ ಬೆಳಕನ್ನು ಹೀರಿ ಬಿಸಿಯಾಗಿ, ಸುತ್ತಲಿನ ದ್ರವ ಹಾರಿಹೋಗುವಾಗ ಅಣುವನ್ನೂ ಹೊತ್ತೊಯ್ದಿತ್ತು. ಇದಕ್ಕಾಗಿ 2002ರ ರಸಾಯನಶಾಸ್ತ್ರದ ನೊಬೆಲಿನಲ್ಲಿ ಅವರಿಗೆ ಪಾಲು ಸಿಕ್ಕಿತು. ಆದರೆ ಇಂದು ಪ್ರಯೋಗಾಲಯಗಳಲ್ಲಿ ನಡೆಯುವುದು ಲೋಹದ ಪುಡಿಯ ಬದಲು ಸಣ್ಣ ಸಾವಯವ ಆಮ್ಲಗಳ ಹರಳಿನಲ್ಲಿ ಅಣುವನ್ನು ಹುದುಗಿಸುವ, ಜರ್ಮನಿಯ ಫ್ರಾಂಜ್ ಹಿಲೆನ್‌ಕಾಂಪ್ ಮತ್ತು ಮಿಖಾಯೆಲ್ ಕರಾಸ್ ಅವರ ಕ್ರಮ. ಅವರಿಬ್ಬರನ್ನೂ ಬಿಟ್ಟದ್ದು ನ್ಯಾಯವಲ್ಲ ಎಂಬ ಮಾತಿನಲ್ಲಿ ಹುರುಳಿದೆ.

ಪ್ರಶ್ನೆ: ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ಮಾಡಿದ್ದೂ ಇದೇ ಕೆಲಸವೆ?
– ಪ್ರೌಢಶಾಲಾ ಶಿಕ್ಷಕ, ದಾವಣಗೆರೆ

ಉತ್ತರ: ಅಲ್ಲ. ಇಸ್ರೊದ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾದ ಅದರ ಲೇಸರ್ ಉಪಕರಣ ಮಣ್ಣನ್ನು ಕ್ಷಣಮಾತ್ರದಲ್ಲಿ ಪ್ಲಾಸ್ಮಾ (ಅಯಾನು, ಎಲೆಕ್ಟ್ರಾನುಗಳ ಕಾದ ಅನಿಲ) ಮಾಡಿ, ಹೊಮ್ಮಿದ ಬೆಳಕಿನ ಗೆರೆಗಳಿಂದ ಧಾತುಗಳನ್ನು ಗುರುತಿಸಿತು. 2023ರ ಆಗಸ್ಟ್‌ನಲ್ಲಿ ಗಂಧಕ ಸಿಕ್ಕಿದ್ದು ಹಾಗೆ. ಅಲ್ಲಿ ಅಣು ಪೂರ್ತಿ ಬಿಚ್ಚಿಹೋಗುವುದರಿಂದ ಗಂಧಕ ಯಾವ ಸಂಯುಕ್ತದಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಬಾಹ್ಯಾಕಾಶದಲ್ಲಿ ಅಯಾನು ಪುಂಜ ಬಳಸಿದ್ದನ್ನು ನೋಡಬೇಕೆಂದರೆ ಯುರೋಪಿನ ರೊಸೆಟ್ಟಾ ನೌಕೆಯನ್ನು ನೋಡಿ. 67ಪಿ ಧೂಮಕೇತುವಿನ ದೂಳನ್ನು ಹಿಡಿದು ಇಂಡಿಯಂ ಅಯಾನುಗಳಿಂದ ಹೊಡೆಯುವ ಉಪಕರಣ ಅದರಲ್ಲಿತ್ತು.

ಪ್ರಶ್ನೆ: ಪಾಲಿಮರ್ ಹಾಳೆಯ ಮೇಲಿನ ಕಲೆಯೊಂದನ್ನು ಅಯಾನು ಪುಂಜದ ವಿಧಾನದಿಂದ ಪರೀಕ್ಷಿಸಲು ಬೇರೆ ಊರಿಗೆ ಕಳುಹಿಸಬೇಕಾಗಿದೆ. ಹೇಗೆ ಕಟ್ಟಲಿ?
– ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಹಾಕಬೇಡಿ. ಮೇಲಿನ ಒಂದೆರಡು ನ್ಯಾನೊಮೀಟರನ್ನಷ್ಟೇ ನೋಡುವ ಉಪಕರಣಕ್ಕೆ ಚೀಲದಿಂದ ಒಸರಿದ ಮೃದುಕಾರಕವೂ (ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ರಾಸಾಯನಿಕ), ಕೈಗವಸಿನ ಸಿಲಿಕೋನ್ ಎಣ್ಣೆಯೂ ನಿಮ್ಮ ಕಲೆಗಿಂತ ದಟ್ಟವಾಗಿ ಕಾಣುತ್ತವೆ. ಫಲಿತಾಂಶದ ನಕ್ಷೆಯಲ್ಲಿ 73 ಮತ್ತು 147 ಘಟಕ ದ್ರವ್ಯರಾಶಿಗಳಲ್ಲಿ ಎತ್ತರದ ಶಿಖರಗಳು ಜೋಡಿಯಾಗಿ ಎದ್ದಿದ್ದರೆ ಸಿಲಿಕೋನನ್ನೂ, 149ರಲ್ಲಿ ಎದ್ದಿದ್ದರೆ ಥ್ಯಾಲೇಟ್ ಮೃದುಕಾರಕವನ್ನೂ ಮೊದಲು ಶಂಕಿಸಿ. ಶುಚಿಯಾದ ಚಿಮಟದಿಂದ ಅಂಚಿನಲ್ಲಷ್ಟೇ ಹಿಡಿದು, ತೊಳೆದು ಒಣಗಿಸಿದ ಗಾಜಿನ ಶೀಶೆಯಲ್ಲಿ ಇಡಿ. ಅದೇ ಹಾಳೆಯ ಕಲೆಯಿಲ್ಲದ ತುಂಡೊಂದನ್ನೂ ಬೇರೆ ಶೀಶೆಯಲ್ಲಿ ಜೊತೆಗೆ ಕಳುಹಿಸಿ. ನೋಡಬೇಕಾದ ಮುಖ ಯಾವುದೆಂದು ತಿಳಿಸಲು ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಸಾಕು. ಬಾಲ್‌ಪೆನ್ನಿನಿಂದ ಗುರುತು ಹಾಕಬೇಡಿ: ನೇರಳೆ ಶಾಯಿಯ ಬಣ್ಣದ ಅಣು ಹುಟ್ಟಿನಿಂದಲೇ ಅಯಾನಾಗಿದ್ದು, 372ರಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತದೆ.