ಸಂಪಾದಕರ ಉತ್ತರ: ಪಕ್ಕದ ಮನೆಯ ಬಾಗಿಲು

ತಿಪಟೂರಿನಿಂದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಕೈಬರಹದ ಕಾಗದ ಈಗ ಬರುವುದೇ ಅಪರೂಪ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾದರೆ ಬೇಸರ ಬೇಡ.

ಹಿಂದಿನ ಸಂಚಿಕೆಯಲ್ಲಿ ನಾನು ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಎಕೋವಾಸ್ ಬಗ್ಗೆ ಬರೆದಿದ್ದೆ. ಅದು ಹುಟ್ಟಿದ್ದೇ ನೈಜೀರಿಯಾದ ಅಂತರ್ಯುದ್ಧದಿಂದ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಟ್ಟಿದ್ದೆ. ಆ ಸಾಲಿಗೆ ನಮ್ಮ ಓದುಗರ ಆಕ್ಷೇಪ. "ಯುದ್ಧವೂ ಇಲ್ಲ, ಪಾಠವೂ ಇಲ್ಲ. ಎಣ್ಣೆ ದುಡ್ಡು ಬಂತು, ದೊಡ್ಡಣ್ಣ ಆಗುವ ಆಸೆ ಹುಟ್ಟಿತು, ಅಷ್ಟೇ. ಮನೆಯೊಳಗೆ ಲಕ್ಷಗಟ್ಟಲೆ ಜನ ಸತ್ತ ಮೇಲೆ ಮೊದಲು ಮನೆ ಸರಿಮಾಡಿಕೊಳ್ಳಬೇಕೋ, ಊರ ಉಸಾಬರಿ ನೋಡಬೇಕೋ?" ಅಂತ ಕೇಳಿದ್ದಾರೆ.

ಎರಡು ಪ್ರಶ್ನೆ ಇವೆ ಇದರಲ್ಲಿ. ಮೊದಲನೆಯದಕ್ಕೆ ನಾನು ಒಪ್ಪುವುದಿಲ್ಲ. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

1967ರ ಮೇ 30ರಂದು ನೈಜೀರಿಯಾದ ಪೂರ್ವ ಭಾಗ ತಾನು ಬೇರೆ ದೇಶ ಅಂತ ಘೋಷಿಸಿಕೊಂಡಿತು. ಹೆಸರು ಬಿಯಾಫ್ರಾ. ಅಲ್ಲಿ ಜಾಸ್ತಿ ಇದ್ದವರು ಇಗ್ಬೊ ಜನ. ಅವರ ನಾಯಕ ಒಜುಕ್ವು. ಕೇಂದ್ರ ಸರ್ಕಾರದ ಮುಖ್ಯಸ್ಥ ಗೋವೊನ್, ಇನ್ನೂ ಮೂವತ್ತಮೂರೂ ತುಂಬದ ಸೈನಿಕ. ಜುಲೈನಲ್ಲಿ ಶುರುವಾದ ಯುದ್ಧ ನಿಂತಿದ್ದು 1970ರ ಜನವರಿಯಲ್ಲಿ. ಸತ್ತವರು ಹತ್ತು ಲಕ್ಷ ಅನ್ನುವವರೂ ಇದ್ದಾರೆ, ಮೂವತ್ತು ಲಕ್ಷ ಅನ್ನುವವರೂ ಇದ್ದಾರೆ. ಗುಂಡಿಗಿಂತ ಹಸಿವಿಗೆ ಸತ್ತವರೇ ಹೆಚ್ಚು.

ಈಗ ಉಲಿ ಅನ್ನುವ ಊರಿಗೆ ಬನ್ನಿ. ನನ್ನ ಮಾತೆಲ್ಲ ನಿಂತಿರುವುದು ಅಲ್ಲೇ. ಬಿಯಾಫ್ರಾದ ಬಂದರುಗಳು ಹೋಗಿದ್ದವು, ಒಂದೊಂದೇ ಪಟ್ಟಣವೂ ಕೈಬಿಡುತ್ತಿತ್ತು. ಆಗ ಅವರು ಉಲಿಯ ಹತ್ತಿರ ಡಾಂಬರು ರಸ್ತೆಯ ಒಂದು ತುಂಡನ್ನೇ ಅಗಲ ಮಾಡಿ ರನ್‌ವೇ ಮಾಡಿಕೊಂಡರು. ವಿಮಾನ ಬರುತ್ತಿದ್ದುದು ರಾತ್ರಿ ಮಾತ್ರ. ಮೇಲೆ ಶತ್ರುವಿನ ಬಾಂಬರ್ ಸುತ್ತುತ್ತಿದ್ದರಿಂದ ದೀಪ ಹಾಕುವಂತಿರಲಿಲ್ಲ. ವಿಮಾನ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಕೆಲವೇ ಕ್ಷಣ ದೀಪ ಹತ್ತುತ್ತಿತ್ತು, ಮತ್ತೆ ಕತ್ತಲು. ಮಕ್ಕಳಿಗೆ ಹಾಲಿನ ಪುಡಿ, ಉಪ್ಪು, ಒಣಮೀನು ಬರುತ್ತಿದ್ದುದು ಹೀಗೆ. ಬಂದೂಕು ಬರುತ್ತಿದ್ದುದೂ ಹೀಗೇ, ಅದೇ ರಸ್ತೆಗೆ.

ಆ ವಿಮಾನಗಳು ಹೊರಡುತ್ತಿದ್ದುದು ಎಲ್ಲಿಂದ? ಪರಿಹಾರದ ವಿಮಾನಗಳು ಪೋರ್ಚುಗಲ್ ಕೈಯಲ್ಲಿದ್ದ ಸಾವೊ ಟೋಮೆ ದ್ವೀಪದಿಂದ, ನೈಜೀರಿಯಾದ ಕರಾವಳಿಗೆ ಹತ್ತಿರ ಇರುವ ಫರ್ನಾಂಡೊ ಪೊ ದ್ವೀಪದಿಂದ, ಆಮೇಲೆ ಪಕ್ಕದ ದಹೋಮಿಯ (ಇಂದಿನ ಬೆನಿನ್) ಕೊಟೊನೌನಿಂದ. ಫ್ರಾನ್ಸಿನ ಆಯುಧ ಗೆಬಾನ್‌ನಿಂದ. ನಾಲ್ಕು ಆಫ್ರಿಕನ್ ದೇಶಗಳು ಬಿಯಾಫ್ರಾವನ್ನು ದೇಶ ಅಂತ ಒಪ್ಪಿಕೊಂಡವು: ತಾಂಜಾನಿಯಾ, ಜಾಂಬಿಯಾ, ಗೆಬಾನ್, ಐವರಿ ಕೋಸ್ಟ್. ಕೊನೆಯ ಎರಡರ ಹಿಂದೆ ಫ್ರಾನ್ಸಿನ ನೆರಳಿತ್ತು. ಫ್ರಾನ್ಸಿಗೆ ಹಳೆಯ ಸಿಟ್ಟೂ ಇತ್ತು. ಸಹಾರಾದಲ್ಲಿ ಅದು ಅಣುಬಾಂಬ್ ಪರೀಕ್ಷೆ ಮಾಡಿದಾಗ, 1961ರಲ್ಲಿ, ನೈಜೀರಿಯಾ ಅದರ ರಾಯಭಾರಿಯನ್ನೇ ಹೊರಗೆ ಕಳಿಸಿತ್ತು.

ನೈಜೀರಿಯಾಕ್ಕೆ ಸ್ನೇಹಿತರು ಅಂತ ಇದ್ದವರು ಬ್ರಿಟನ್ ಮತ್ತು ಅಮೆರಿಕ. ಬ್ರಿಟನ್ ಬಂದೂಕು ಕೊಟ್ಟಿತು, ಯುದ್ಧವಿಮಾನ ಕೊಡಲಿಲ್ಲ. ಅಮೆರಿಕ ಎರಡೂ ಕಡೆಗೆ ಏನೂ ಕೊಡುವುದಿಲ್ಲ ಅಂತ ಕೈಕಟ್ಟಿ ಕುಳಿತಿತು. ವಿಮಾನ ಕೊಟ್ಟಿದ್ದು ಸೋವಿಯತ್ ಒಕ್ಕೂಟ. ಅಲ್ಲಿಯವರೆಗೆ ಅದರ ಜೊತೆ ನೈಜೀರಿಯಾ ಸರಿಯಾಗಿ ಮಾತೂ ಆಡಿರಲಿಲ್ಲ. ಆ ಮಿಗ್ ವಿಮಾನ ಹಾರಿಸಿದವರು ಈಜಿಪ್ಟಿನ ಪೈಲಟ್‌ಗಳು. ಕಷ್ಟದಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅನ್ನುವ ಲೆಕ್ಕ ಆಗಿನ ರಾಜಧಾನಿ ಲಾಗೋಸ್‌ನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿತ್ತು.

ಇಷ್ಟು ನಡೆದ ಮೇಲೆ ದೇಶವೊಂದು ಸುಮ್ನೆ ಹಳೆಯ ದಾರಿಯಲ್ಲೇ ಹೋಗುತ್ತದೆಯೇ ಹೇಳಿ. ದುಡ್ಡು ಬಂತು, ನಿಜ. 1971ರಲ್ಲಿ ನೈಜೀರಿಯಾ ಪೆಟ್ರೋಲಿಯಂ ಮಾರುವ ದೇಶಗಳ ಕೂಟ ಒಪೆಕ್ ಸೇರಿತು, 1973ರಲ್ಲಿ ಎಣ್ಣೆ ಬೆಲೆ ಏರಿತು. ಆದರೆ ಆ ದುಡ್ಡನ್ನು ಯಾರ ಮನೆ ಬಾಗಿಲಿಗೆ ತೆಗೆದುಕೊಂಡು ಹೋಗಬೇಕು ಅನ್ನುವ ವಿಳಾಸ ಬರೆದುಕೊಟ್ಟಿದ್ದು ಯುದ್ಧ. ಬರೀ ದೊಡ್ಡಸ್ತಿಕೆಯ ಆಸೆ ಆಗಿದ್ದರೆ ಇಂಗ್ಲಿಷ್ ಮಾತಾಡುವ ಘಾನಾ, ಸಿಯೆರಾ ಲಿಯೋನ್ ಸಾಕಿತ್ತು. ಗೋವೊನ್ ಹಿಂದೆ ಬಿದ್ದಿದ್ದು ಫ್ರೆಂಚ್ ಮಾತಾಡುವ ಅಕ್ಕಪಕ್ಕದವರ ಹಿಂದೆ, ಅಂದರೆ ಬಿಯಾಫ್ರಾಕ್ಕೆ ಬಾಗಿಲು ತೆಗೆದವರ, ನಾಳೆ ಮತ್ತೆ ತೆಗೆಯಬಹುದಾದವರ ಹಿಂದೆ. ಟೋಗೊದ ಅಧ್ಯಕ್ಷ ಎಯಡೇಮಾ ಮೊದಲು ಜೊತೆಯಾದರು. ನೈಜೀರಿಯಾದ ಮಂತ್ರಿ ಅಡೆಬಾಯೊ ಅಡೆಡೆಜಿ ರಾಜಧಾನಿಯಿಂದ ರಾಜಧಾನಿಗೆ ಅಲೆದರು. ಫ್ರಾನ್ಸ್ ಬೇರೆ ಗುಂಪು ಕಟ್ಟಿಸಿ ಅಡ್ಡಗಾಲು ಹಾಕಿ ನೋಡಿತು. ಕೊನೆಗೆ 1975ರ ಮೇ 28ರಂದು ಲಾಗೋಸ್‌ನಲ್ಲಿ ಎಕೋವಾಸ್ ಒಪ್ಪಂದಕ್ಕೆ 15 ದೇಶಗಳು ಸಹಿ ಹಾಕಿದವು. ಐವರಿ ಕೋಸ್ಟ್ ಕೂಡ. ಒಜುಕ್ವುಗೆ ಆಶ್ರಯ ಕೊಟ್ಟು ಇಟ್ಟುಕೊಂಡಿದ್ದ ದೇಶ ಅದು!

ಎರಡೇ ತಿಂಗಳಲ್ಲಿ ಗೋವೊನ್ ಕುರ್ಚಿ ಹೋಯಿತು. ಬಂದ ಮುರ್ತಲಾ ಮೊಹಮ್ಮದ್ ವಿದೇಶಾಂಗ ನೀತಿಯನ್ನು ಬುಡದಿಂದ ನೋಡಿ ಅಂತ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಅದೇ ಅಡೆಡೆಜಿ.

ಇನ್ನೊಂದು ಬದಲಾವಣೆ ದಕ್ಷಿಣ ಆಫ್ರಿಕಾದ ವಿಷಯದ್ದು. ಯುದ್ಧಕ್ಕೆ ಮೊದಲು ವರ್ಣಭೇದವನ್ನು ಬೈಯುವುದು ನೈಜೀರಿಯಾಕ್ಕೆ ಭಾಷಣದ ಮಾತು. ಯುದ್ಧದಲ್ಲಿ ಪೋರ್ಚುಗಲ್, ದಕ್ಷಿಣ ಆಫ್ರಿಕಾ, ರೊಡೇಷಿಯಾ (ಇಂದಿನ ಜಿಂಬಾಬ್ವೆ) ಮೂರೂ ಬಿಯಾಫ್ರಾದ ಬೆನ್ನಿಗಿದ್ದದ್ದು ಗೊತ್ತಾದ ಮೇಲೆ ಅದು ಸ್ವಂತ ಜಗಳವಾಯಿತು. 1975ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಅಂಗೋಲಾದೊಳಗೆ ನುಗ್ಗಿತು. ನವೆಂಬರ್‌ನಲ್ಲಿ ನೈಜೀರಿಯಾ ಅಲ್ಲಿನ ಎಡಪಂಥೀಯ ಎಂಪಿಎಲ್‌ಎ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಆಮೇಲೆ ಅಮೆರಿಕದ ಅಧ್ಯಕ್ಷ ಫೋರ್ಡ್ ಆಫ್ರಿಕಾದ ನಾಯಕರಿಗೆ ಕಾಗದ ಬರೆದರೂ ನಿಲುವು ಬದಲಿಸಲಿಲ್ಲ. ಇದೇ ಜಗಳದಲ್ಲಿ, 1979ರಲ್ಲಿ, ಬ್ರಿಟನ್ನಿನ ಎಣ್ಣೆ ಕಂಪನಿ ಬಿಪಿಯ ಪಾಲನ್ನೇ ಸರ್ಕಾರ ವಶಪಡಿಸಿಕೊಂಡಿತು.

ಆ ಕೆಲಸ ಮಾಡಿದ, ಆಗ ದೇಶದ ಮುಖ್ಯಸ್ಥರಾಗಿದ್ದ ಒಬಸಾಂಜೊ ಬಗ್ಗೆ ಒಂದು ಮಾತು. ಯುದ್ಧದ ಕೊನೆಯಲ್ಲಿ ಬಿಯಾಫ್ರಾದ ಶರಣಾಗತಿಗೆ ರಣರಂಗದಲ್ಲಿ ಎದುರು ನಿಂತಿದ್ದ ಕರ್ನಲ್ ಇವರೇ. ಅದಕ್ಕೆ ಕೆಲವು ವರ್ಷ ಮೊದಲು ಇವರು ಓದುತ್ತಿದ್ದುದು ನೀಲಗಿರಿಯ ವೆಲಿಂಗ್ಟನ್ ಸೈನಿಕ ಕಾಲೇಜಿನಲ್ಲಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದವರು ಕೂನೂರಿನ ಹತ್ತಿರ ಅದರ ಬೋರ್ಡ್ ನೋಡಿರುತ್ತೀರಿ. ನೈಜೀರಿಯಾದ ಕಡುನಾದಲ್ಲಿ 1964ರಲ್ಲಿ ಸೈನಿಕ ಅಕಾಡೆಮಿ ಕಟ್ಟಿಕೊಟ್ಟವರೂ ನಮ್ಮ ಸೈನ್ಯದವರೇ.

ಇಷ್ಟೆಲ್ಲ ಹೇಳಿದರೂ ಈ ಹೊಸ ನೀತಿ ನಿಂತಿದ್ದು ಎಣ್ಣೆಯ ಮೇಲೆ ಅನ್ನುವ ನಿಮ್ಮ ಮಾತನ್ನು ತಳ್ಳಿಹಾಕಲಾರೆ. ಬೆಲೆ ಇಳಿದದ್ದೇ ತಡ, ನೆಂಟಸ್ತಿಕೆಯೂ ಇಳಿಯಿತು. 1983ರ ಜನವರಿಯಲ್ಲಿ ಕಾಗದಪತ್ರ ಇಲ್ಲದ ವಿದೇಶಿಯರು ದೇಶ ಬಿಡಬೇಕು ಅಂತ ಆಜ್ಞೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿದರು, ಬಹುಪಾಲು ಘಾನಾದವರು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಊರಿಗೆ ಹೊರಟವರ ಪಕ್ಕ ಇರುತ್ತದಲ್ಲ, ಕೆಂಪು-ನೀಲಿ ಚೌಕುಳಿಯ ಪ್ಲಾಸ್ಟಿಕ್ ಚೀಲ, ಜಿಪ್ ಹರಿಯುವಷ್ಟು ತುಂಬಿದ್ದು? ಆವತ್ತು ಅವರ ತಲೆಯ ಮೇಲಿದ್ದುದು ಅಂಥದ್ದೇ ಚೀಲ. ಆ ಚೀಲಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ 'ಘಾನಾ ಮಸ್ಟ್ ಗೋ' ಅಂತಲೇ ಹೆಸರು.

ಕಾಗದದ ಕೊನೆಯಲ್ಲಿ ನೀವು ಚುಚ್ಚಿದ್ದೀರಿ: ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಜನವರಿಯಲ್ಲಿ ಎಕೋವಾಸ್ ಬಿಟ್ಟು ಹೋದವಲ್ಲ ಅಂತ. ಹೋದವು. 2023ರಲ್ಲಿ ನೈಜರ್‌ನಲ್ಲಿ ಸೈನ್ಯ ಅಧಿಕಾರ ಹಿಡಿದಾಗ ನೈಜೀರಿಯಾ ಅದಕ್ಕೆ ಕರೆಂಟು ಕಡಿಯಿತು. ಗಡಿಯ ಎರಡೂ ಕಡೆ ಹೌಸಾ ಮಾತಾಡುವ ಒಂದೇ ಜನ. ಗೋವೊನ್ ಕಾಲದ ಪಾಠ ಮರೆತವರು ಮಾಡುವ ಕೆಲಸ ಅದು ಅಂತ ನನಗೆ ಅನ್ನಿಸುತ್ತದೆ.

ಈಗ ಎರಡನೆಯ ಪ್ರಶ್ನೆ, ಮನೆ ಮೊದಲೋ ಊರು ಮೊದಲೋ ಅನ್ನುವುದು. ಇಲ್ಲಿ ನಾನು ನಿಮ್ಮ ಕಡೆ ವಾಲುತ್ತೇನೆ. 'ಗೆದ್ದವರೂ ಇಲ್ಲ, ಸೋತವರೂ ಇಲ್ಲ' ಅಂತ ಗೋವೊನ್ 1970ರಲ್ಲಿ ಹೇಳಿದರು. ಹೊರಗೆ ಅದನ್ನು ನಡೆಸಿಯೂ ತೋರಿಸಿದರು. ಬಿಯಾಫ್ರಾವನ್ನು ಒಪ್ಪಿಕೊಂಡಿದ್ದ ತಾಂಜಾನಿಯಾ, ಜಾಂಬಿಯಾ ಜೊತೆ ಕೆಲವೇ ವರ್ಷಗಳಲ್ಲಿ ಸಲಿಗೆ ಬಂತು. ಒಳಗೂ ಯುದ್ಧಾಪರಾಧದ ವಿಚಾರಣೆ, ಗಲ್ಲು ಅಂತ ಯಾವುದೂ ಆಗಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಯುದ್ಧದ ಕಾಲದಲ್ಲಿ ವ್ಯವಹಾರ ನಡೆದಿದ್ದ ಬ್ಯಾಂಕ್ ಖಾತೆಗಳಿಗೆ ಬೇರೆಯೇ ನಿಯಮ ಬಂತು. ಇಗ್ಬೊ ವ್ಯಾಪಾರಿಯ ಖಾತೆಯಲ್ಲಿ ಸಾವಿರ ಪೌಂಡ್ ಇರಲಿ, ಹತ್ತು ಸಾವಿರ ಇರಲಿ, ಕೈಗೆ ಸಿಗುವುದು 20 ಪೌಂಡ್. ಎರಡು ವರ್ಷ ಕಳೆದು, 1972ರಲ್ಲಿ, ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯಾದವರಿಗೆ ಮಾರಬೇಕು ಅಂತ ಸರ್ಕಾರ ಕಾನೂನು ಮಾಡಿತು. ದೇಶದ ಪಶ್ಚಿಮ ಭಾಗದವರು ಕೊಂಡರು, ಉತ್ತರ ಭಾಗದವರು ಕೊಂಡರು. ಆ 20 ಪೌಂಡ್ ಪಡೆದವನು ಅದರಲ್ಲಿ ಆಗಲೇ ಮನೆಗೆ ತಗಡು ಹಾಕಿಸಿ, ಗೆಣಸು ಕೊಂಡು ಮುಗಿಸಿದ್ದ.